ಗುರುಬಾಯಿ ಬಿಚ್ಚಿದ ಕೌದಿ

ಮುಂಬಯಿಯ ಭಾಂಡುಪಿನ ಗುಡ್ಡದ ಮೇಲಿನ ಆ ವಠಾರದಂಥ ಚಾಳಿನಲ್ಲಿ ಗುರುಬಾಯಿ ಬಟ್ಟೆ ಬಿಸಾಡಿದ್ದನ್ನು ಕಂಡವರು ಯಾರೂ ಇಲ್ಲ. ಹರಿದ ಸೀರೆಯಾಗಲಿ, ಗಂಡ ಹಣಮಂತನ ಸಿಮೆಂಟು ಹತ್ತಿದ ಲುಂಗಿಯಾಗಲಿ, ಮಗಳು ಶೈಲಾಳ ಶಾಲೆಯ ಲಂಗವಾಗಲಿ, ತೊಳೆದು ಒಣಗಿಸಿ ಮಡಚಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಗೆ ಸೇರಿಸುವಳು. ಪೆಟ್ಟಿಗೆಯ ಮುಚ್ಚಳ ಕೂಡದಂತಾದಾಗ ಅವನ್ನೇ ಪದರ ಪದರ ಹಾಸಿ, ಹೊದೆಯುವ ಕೌದಿ ಹೊಲಿಯಲು ಕೂರುವಳು.

ಸಿಂದಗಿ ಕಡೆಯ ಅವಳ ತವರಿನಲ್ಲಿ ಕೌದಿ ಹೊಲಿಯಲು ಬಾರದ ಹೆಂಗಸಿಲ್ಲ. ಮೆತ್ತಗಿನ ಬಟ್ಟೆ ಮೇಲಕ್ಕೆ, ದಪ್ಪನೆಯದು ಒಳಕ್ಕೆ. ಕಾಲರು, ಸೊಂಟಪಟ್ಟಿಯಂಥ ಗಟ್ಟಿ ತುಂಡುಗಳು ಇನ್ನೂ ಒಳಕ್ಕೆ. ಅಂಚಿನಿಂದ ಸುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರಬೇಕು, ಒಂದು ಮೂಲೆಯನ್ನು ಮಾತ್ರ ಕಡೆಯವರೆಗೆ ಹೊಲಿಯದೆ ಬಿಟ್ಟಿರಬೇಕು. ಅದು ಕೌದಿಯ ಬಾಯಿ. ಎಲ್ಲ ಮುಗಿದ ದಿನ ಆ ಬಾಯಿಯಲ್ಲಿ ಒಂದು ಚೂರು ಹೋಳಿಗೆ ಇಟ್ಟು ಮುಚ್ಚುವುದು ಅವರ ಮನೆಯ ಪದ್ಧತಿ. ಹೊದೆಯುವವರು ಉಂಡು ಮಲಗುವಾಗ ಕೌದಿ ಹಸಿದುಕೊಂಡಿರಬಾರದಂತೆ. ಒಮ್ಮೆ ಮುಚ್ಚಿದ ಬಾಯನ್ನು ಹೊಲಿದ ಕೈ ಮತ್ತೆ ಬಿಚ್ಚಬಾರದು ಎಂಬುದೂ ಪದ್ಧತಿಯೇ. ಬಿಚ್ಚಿದರೆ ಹೊದೆಯುವವರಿಗೆ ಒಳ್ಳೆಯದಲ್ಲ ಎಂದು ಅವಳ ಅವ್ವ ಹೇಳುತ್ತಿದ್ದಳು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಗುರುಬಾಯಿ ಮುಂಬಯಿಗೆ ಬಂದದ್ದು ಹಣಮಂತನ ಹಿಂದೆ, ಕಟ್ಟಡಗಳ ಮೇಲೆ ಇಟ್ಟಿಗೆ ಹೊರಲು. ಶೈಲಾ ಹುಟ್ಟಿದ ಮೇಲೆ ಏಣಿ ಹತ್ತುವುದು ಬೇಡವೆಂದು ಹಣಮಂತನೇ ಹೇಳಿದ. ಯಾರೋ ಚೆಂಬೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸವಿದೆಯೆಂದರು. ಅಂದಿನಿಂದ ಭಾಂಡುಪಿನಲ್ಲಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಇಳಿದು, ಹಾರ್ಬರ್ ಲೈನ್ ಹಿಡಿದು ಚೆಂಬೂರಿಗೆ ಹೋಗುವುದೇ ಅವಳ ಬಾಳಾಯಿತು. ಮೂರನೆಯ ಮಹಡಿಯ ವಾರ್ಡು ಅವಳದು. ರಕ್ತ, ಕಫ, ವಾಂತಿ, ಬೆಡ್‌ಪ್ಯಾನು, ಯಾವುದಕ್ಕೂ ಮೂಗು ಮುರಿದವಳಲ್ಲ.

ಆದರೆ ಅವಳು ಆಸ್ಪತ್ರೆಯವಳಲ್ಲ. ಠೇಕೇದಾರನವಳು, ಗುತ್ತಿಗೆಯ ಆಳು. ಆ ಠೇಕೇದಾರನೋ, ಐದಾರು ವರ್ಷಕ್ಕೊಬ್ಬ ಬದಲಾಗುವವನು. ಮೊದಲನೆಯವನು ಹಸಿರು ಕೋಟು ಕೊಟ್ಟ. ಅವನು ಹೋಗಿ ಬಂದವನು ಖಾಕಿ. ಆಮೇಲೆ ನೇರಳೆ. ಅದರ ಮೇಲೆ ಕಿತ್ತಳೆ ಪಟ್ಟಿಯ ಬೂದು. ಠೇಕೇದಾರ ಬದಲಾದ ದಿನ ಕೊರಳಿನ ಕಾರ್ಡನ್ನು ಕಸಿದುಕೊಂಡು ಹೊಸದು ಹಾಕುವರು, ಹೊಸ ಕಾರ್ಡಿನಲ್ಲಿ ಅವಳು ಅಂದೇ ಕೆಲಸಕ್ಕೆ ಸೇರಿದವಳು. ಬಕೆಟು ಅದೇ, ನೆಲ ಅದೇ, ಬೈಯುವ ಮೇಟ್ರನ್ನೂ ಅವರೇ. ಹಳೆಯ ಕೋಟನ್ನು ಮಾತ್ರ ಯಾರೂ ವಾಪಸು ಕೇಳುತ್ತಿರಲಿಲ್ಲ. ಮಾಸಿದ ಕೋಟು ಯಾರಿಗೆ ಬೇಕು? ಕಡೆಯ ಸಲ ಒಗೆದು ಬಂದ ಮೇಲೆ ಗುರುಬಾಯಿ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುವಳು.

ಅವಳ ಜೊತೆಗೆ ಅದೇ ಮಹಡಿಯಲ್ಲಿ ದುಡಿಯುತ್ತಿದ್ದ ಶೀಲಾವತಿ ಕಾರ್ಕಳದ ಕಡೆಯವಳು. ಗಂಡ ಚೆಂಬೂರಿನ ಹೋಟೆಲಿನಲ್ಲಿ ದೋಸೆ ಹಾಕುತ್ತಾನೆ. ಕೋಟು ಮಡಚುವ ಗುರುಬಾಯಿಯನ್ನು ಕಂಡರೆ ಅವಳ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

"ಎಂತ ಗುರುಬಾಯಿ, ನಿಮ್ಮೂರಿನವರು ಚಿಂದಿಯನ್ನೂ ಬಿಡುವುದಿಲ್ವಾ? ನಾನು ನನ್ನದನ್ನು ದೋಸೆ ಕಾವಲಿ ಒರೆಸ್ಲಿಕ್ಕೆ ಕೊಟ್ಟೆ."

"ನಿಮ್ಮೂರಾಗ ಥಂಡಿ ಬೀಳಂಗಿಲ್ಲ ಶೀಲಕ್ಕ, ನಿನಗೇನ್ ಗೊತ್ತ ಕೌದಿ ಸುಖಾ. ಬಾ ಮನಿಗಿ, ಒಂದಿನಾ ಹೊಚ್ಚಿ ಮಲಗಸ್ತೀನಿ."

"ಬೇಡ ಮಾರಾಯ್ತಿ. ಆ ಕೋಟು ಹೊದ್ದರೆ ಕನಸಿನಲ್ಲಿಯೂ ಮೇಟ್ರನ್ ಬಂದು ಬಾತ್‌ರೂಮು ತೊಳೆಸಿಯಾಳು."

ಆ ಕೋಟುಗಳನ್ನು ಮನೆಯಲ್ಲಿ ಒಗೆಯುವಂತಿರಲಿಲ್ಲ. ರೋಗದ ಬಟ್ಟೆ ಹೊರಗೆ ಹೋಗಬಾರದೆಂದು ದಿನಾ ಆಸ್ಪತ್ರೆಯ ಲಾಂಡ್ರಿಗೇ ಹಾಕಬೇಕು. ಲಾಂಡ್ರಿಯ ಐತ ಶೀಲಾವತಿಯ ಊರಿನವನೇ, ಆಸ್ಪತ್ರೆಯ ಪರ್ಮನೆಂಟ್ ನೌಕರ. ಒಬ್ಬರ ಕೋಟು ಇನ್ನೊಬ್ಬರಿಗೆ ಹೋಗದಿರಲೆಂದು ಅವನು ಹೊಸ ಕೋಟು ಬಂದಾಗಲೆಲ್ಲ ಕಾಲರಿನ ಒಳಗೆ, ಒಗೆದರೂ ಬಿಡದ ಕಪ್ಪು ಮಸಿಯಲ್ಲಿ, ಗುರುತು ಹಾಕುತ್ತಿದ್ದ. ದಿನವೂ ಕಾಣುವ ಗುರುತನ್ನು ಯಾರು ನೋಡುತ್ತಾರೆ?

ಶೈಲಾ ಚೊಚ್ಚಲ ಬಸುರಿಯಾಗಿ ಗೋರೆಗಾಂವಿನ ಗಂಡನ ಮನೆಯಿಂದ ತವರಿಗೆ ಬಂದಾಗ ಗುರುಬಾಯಿ ಆ ಕೋಟುಗಳನ್ನೆಲ್ಲ ಹೊರತೆಗೆದಳು. ಲಾಂಡ್ರಿಯ ಬಿಸಿ ನೀರು ಕುಡಿದು ಕುಡಿದು ಅವು ಬೆಣ್ಣೆಯಂತೆ ಮೆತ್ತಗಾಗಿದ್ದವು. ಹಸಿರು, ಖಾಕಿ, ನೇರಳೆ, ಹರಿದು ಬದಲಿ ಸಿಕ್ಕಿದ್ದ ಒಂದು ಬೂದು, ನಾಲ್ಕೂ ಸೇರಿದವು. ಒಂದು ಮಗ್ಗುಲಿಗೆ ಇನ್ನೂ ತುಂಡು ಸಾಲದೆ ಬಂದಾಗ ಅಣ್ಣನ ಮಗ ಬಸು ತನ್ನ ಕಡುನೀಲಿ ಕೆಲಸದ ಅಂಗಿಯೊಂದನ್ನು ತಂದುಕೊಟ್ಟ. ಬಸು ಕುವೈತಿನಿಂದ ಮರಳಿ ಬಂದವನು, ಈಗ ಭಾಂಡುಪ್ ಸ್ಟೇಷನ್ನಿನ ಹೊರಗೆ ರಿಕ್ಷಾ ಓಡಿಸುತ್ತಾನೆ. ಕೌದಿ ಮುಗಿದ ದಿನ ಹೋಳಿಗೆ ಚೂರು ಇಟ್ಟು ಬಾಯಿ ಮುಚ್ಚಿದಳು. ಹುಟ್ಟಿದ ಕೂಸಿಗೆ ಯಕ್ಷಿತಾ ಎಂದು ಹೆಸರಿಟ್ಟರು. ಅದು ಆ ಕೌದಿಯ ಮೇಲೆ ಅಂಗಾತ ಮಲಗಿ ಕೈಕಾಲು ಬಡಿಯುವುದನ್ನು ನೋಡಿ ಗುರುಬಾಯಿ ಲೋಕಲ್ ಹಿಡಿಯಲು ಹೋಗುತ್ತಿದ್ದಳು.

ಹಾಗೆ ಹೋದ ಒಂದು ಸೋಮವಾರ ಆಸ್ಪತ್ರೆಯ ಗೇಟು ಅವಳಿಗೆ ತೆರೆಯಲಿಲ್ಲ.

ಗೇಟಿನ ವಾಚ್‌ಮನ್ ಬಂಡೆಪ್ಪ ಬೀದರ ಕಡೆಯವನು, ದಿನಾ "ಬರ್ರಿ ಯಕ್ಕಾ" ಎನ್ನುವವನು. ಅಂದು ಅವನು ನೆಲ ನೋಡಿಕೊಂಡು ನಿಂತ.

"ಹೊಸಾ ಕಂಪನಿ ಬಂದದ ಯಕ್ಕಾ. ನಿಮ್ದು, ಶೀಲಾವತಿ ಅಕ್ಕೋರ್ದು, ಆ ಹಳೇ ಮಂದಿದೆಲ್ಲಾ ಹೆಸರಿಲ್ಲಂತ. ಒಳಗ ಬಿಡಬ್ಯಾಡ ಅಂದಾರ."

"ಯಾರಂದಾರ?"

"ನನಗ್ಯಾರ್ ಹೇಳ್ತಾರ್ರಿ? ನಾನೂ ಬ್ಯಾರೆ ಕಂಪನ್ಯಾಂವ."

ಅವಳೂ ಶೀಲಾವತಿಯೂ ಉಳಿದವರೂ ಅಲ್ಲೇ ಗೇಟಿನ ಹೊರಗೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಸಿಬ್ಬಂದಿ ಅಧಿಕಾರಿ ಇಳಿದು ಬಂದ. ನೀವು ನಮ್ಮವರಲ್ಲ, ನಿಮ್ಮ ಠೇಕೇದಾರನನ್ನು ಕೇಳಿ ಎಂದ. ಠೇಕೇದಾರನ ಫೋನು ಬಂದ್ ಆಗಿತ್ತು. ಗುರುಬಾಯಿ ಅಧಿಕಾರಿಯ ಮುಖವನ್ನೇ ನೋಡುತ್ತಿದ್ದಳು. ಹೋದ ಮಳೆಗಾಲ ಅವನ ತಾಯಿ ಮೂರನೆಯ ಮಹಡಿಯಲ್ಲಿ ಮಲಗಿದ್ದಾಗ ಹಾಸಿಗೆ ಒದ್ದೆಯಾದದ್ದನ್ನು ಸದ್ದಿಲ್ಲದೆ ಬದಲಿಸಿದವಳು ಅವಳು. ಆ ಮುದುಕಿ ಇವಳ ಕೈ ಹಿಡಿದು ಅತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಮಗ ಕೈಮುಗಿದಿದ್ದ.

"ಸಾಹೇಬ್ರ, ನನಗ ನೀವು ಗುರ್ತ ಹಿಡೀಲಿಲ್ಲೇನು?" ಎಂದು ಅವಳು ಹಿಂದಿಯಲ್ಲಿ ಕೇಳಿದಳು.

"ಠೇಕೇದಾರನ ಜನರನ್ನೆಲ್ಲ ನಾವು ಗುರುತು ಇಟ್ಟುಕೊಳ್ಳುವುದಿಲ್ಲ" ಎಂದ ಅವನು.

ಆ ಮಾತು ಅವಳಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದು ಹಣಮಂತನಿಗೆ ಒಂದೇ ಮಾತು ಹೇಳಿದಳು.

"ಕೆಲಸಕ್ಕ ಹೋಗ್ತೀನಿ. ಖರೆ ಇನ್ನೊಬ್ಬ ಠೇಕೇದಾರನ ಕೋಟು ಹಾಕ್ಕೊಂಡು ಹೋಗಂಗಿಲ್ಲ. ದವಾಖಾನಿಯಾಕಿ ಅಂತ ಅನಿಸ್ಕೊಂಡ ಹೋಗ್ತೀನಿ."

ಹಣಮಂತ ಎಲೆಯಡಿಕೆ ಅಗಿಯುತ್ತಿದ್ದ. "ಹೋಗು. ಅಲ್ಲೀಮಟ ರೊಟ್ಟಿ ಮಾಡ್ತಿಯೋ, ಅದಕೂ ಠೇಕೇದಾರನ ಕೇಳಬೇಕೋ?" ಎಂದ. ಅವನ ತಮಾಷೆ ಹೀಗೇ. ಆದರೆ ಮರುದಿನ ಯೂನಿಯನ್ ಆಫೀಸು ಎಲ್ಲಿದೆಯೆಂದು ವಿಚಾರಿಸಿ ಬಂದವನೂ ಅವನೇ.

ಯೂನಿಯನ್ನಿನ ವಕೀಲೆ ಹರಿಣಿ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಹುಬ್ಬಳ್ಳಿಯವರಾದರೂ ಅವಳ ಕನ್ನಡ ಕುಂಟುತ್ತಿತ್ತು. ಎಲ್ಲ ಹೆಂಗಸರ ಸಹಿ, ಹೆಬ್ಬೆಟ್ಟು ತೆಗೆದುಕೊಂಡು ಕೋರ್ಟಿಗೆ ಹಾಕಿದಳು. ತಾರೀಖಿನ ಮೇಲೆ ತಾರೀಖು ಬಿದ್ದವು. ಆ ದಿನಗಳಲ್ಲಿ ಗುರುಬಾಯಿ ಮನೆಮನೆಯ ಪಾತ್ರೆ ತಿಕ್ಕಿದಳು, ಶೀಲಾವತಿ ಹೋಟೆಲಿನ ಹಿಂದೆ ಕೂತು ಈರುಳ್ಳಿ ಹೆಚ್ಚಿದಳು. ಗುರುಬಾಯಿಯ ಸಾಕ್ಷಿಯ ಸರದಿ ಹತ್ತಿರ ಬಂದಾಗ ಹರಿಣಿ ಭಾಂಡುಪಿನ ಗುಡ್ಡ ಹತ್ತಿ ಅವಳ ಮನೆಗೇ ಬಂದಳು. ಏದುಸಿರು ಬಿಡುತ್ತ ಮಂಚದ ಮೇಲೆ ಕೂತು ಹೇಳಿದಳು.

"ಆಂಟಿ, ಸುನೋ. ಠೇಕಾ ಅನ್ನೋದು ಬರೀ ದಿಖಾವಾ, ತೋರಿಕೆ, ಅಸಲಿ ಮಾಲೀಕ್ ಆಸ್ಪತ್ರೆ ಅಂತ ನಾವು ತೋರಿಸ್‌ಬೇಕು. ಆಗ ಕೋರ್ಟ್ ನಿಮಗೆ ಆಸ್ಪತ್ರೆಯ ವರ್ಕರ್ ಅಂತ ಹೇಳ್ತದೆ. ಲೇಕಿನ್ ಅವರು ಹೇಳ್ತಾರೆ, ನೀವು ಲಾಸ್ಟ್ ಠೇಕೇದಾರ್ ಜೊತೆ ಮಾತ್ರ ಬಂದದ್ದು, ಅದರ ಪೆಹಲೆ ನೀವು ಇರಲೇ ಇಲ್ಲ."

ಬಸು ಬಾಗಿಲಿಗೆ ಒರಗಿ ನಿಂತಿದ್ದ. "ನಿಮ್ದು ಪುಣ್ಯೇನ ಅತ್ತಿ" ಎಂದ. "ನಾ ಕುವೈತಿನೊಳಗ ಸಪ್ಲೈ ಕಂಪನಿ ಮಾರ್ಫತ್ ರಿಫೈನರಿಯಾಗ ದುಡದೆ. ಒಂದಿನಾ ಸಪ್ಲೈ ಕಂಪನಿ ಠೇಕಾ ಮುಗೀತು ಅಂದ್ರು. ಕೆಲಸ ಹೋತಂದ್ರ ಅಲ್ಲಿ ವೀಸಾನೂ ಹೋತು, ರೂಮೂ ಹೋತು. ಕೋರ್ಟಿಗಿ ಹೋಗಾಕ ಆ ದೇಶದಾಗ ನಿಲ್ಲಾಕರ ಬಿಡಬೇಕಲ್ಲ? ಮೈಮ್ಯಾಗಿನ ಅಂಗಿ ಒಂದ ತಂದೀನಿ."

"ಎಲ್ಲಾ ದೇಶದಾಗೂ ಹಂಗೇನ?" ಎಂದು ಗುರುಬಾಯಿ ಕೇಳಿದಳು.

"ಇಲ್ಲ. ನಮ್ಮ ರೂಮಿನಾಗ ಒಬ್ಬ ಫಿಲಿಪೀನ್ಸಿನಾಂವ ಇದ್ದ. ಅವನ ತಂಗಿ ಜರ್ಮನಿಯಾಗ ಹಿಂಗ ಏಜೆನ್ಸಿ ಕೆಲಸಾ ಮಾಡ್ತಾಳಂತ. ಅಲ್ಲಿ ಇಂತಿಷ್ಟು ತಿಂಗಳ ಮ್ಯಾಲ ಏಜೆನ್ಸಿ ಮಂದೀನ ಹಂಗ ಇಟ್ಕೊಳ್ಳಾಕ ಬರಂಗಿಲ್ಲಂತ. ಇಟ್ಕೊಂಡ್ರ, ಕಂಪನಿ ಮಂದಿನ ಆಗ್ತಾರಂತ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಶೀಲಾವತಿ ಕಪ್ಪು ಕೆಳಗಿಟ್ಟಳು. "ಹಾಗಾದರೆ ನಾವು ಜರ್ಮನಿಗೆ ಹೋಗಿ ನೆಲ ಒರೆಸುವುದಾ? ಕುರ್ಲಾದಲ್ಲಿ ಟ್ರೇನ್ ಬದಲಿ ಮಾಡುವುದೇ ನನಗೆ ಸಾಕಾಗಿ ಹೋಗಿದೆ."

ನಗುತ್ತಲೇ ಹರಿಣಿ ಕೂಸಿನ ಕಡೆ ತಿರುಗಿದಳು. ಯಕ್ಷಿತಾ ಬೋರಲು ಬಿದ್ದು ಕೌದಿಯ ಅಂಚನ್ನು ಬಾಯಿಗಿಟ್ಟುಕೊಂಡಿತ್ತು. ಹರಿಣಿಯ ನಗು ನಿಂತಿತು. ಅವಳು ಮಂಚದಿಂದ ಇಳಿದು ನೆಲದ ಮೇಲೆ ಕೂತು ಆ ಹಸಿರು ತುಂಡನ್ನು ಬೆರಳಿನಿಂದ ಮುಟ್ಟಿದಳು. ಜೇಬು ಇದ್ದ ಹಾಗೆಯೇ ಇತ್ತು, ಅದರ ಮೇಲೆ ಮೊದಲನೆಯ ಠೇಕೇದಾರನ ಕಂಪನಿಯ ಹೆಸರು ಮಾಸಲು ಅಕ್ಷರಗಳಲ್ಲಿ ಹೊಲಿದದ್ದಿತ್ತು. ಪಕ್ಕದಲ್ಲಿ ಖಾಕಿಯ ಜೇಬು. ಅದರ ಪಕ್ಕ ನೇರಳೆ.

"ಆಂಟಿ, ಇದೆಲ್ಲ ನಿಮ್ಮ ಯೂನಿಫಾರ್ಮ್?"

"ಹೂಂ. ಮತ್ತೇನ್ ಬಿಸಾಡಬೇಕೇನ್ ಯವ್ವಾ?"

"ಇದು ನನಗೆ ಕೊಡಿ. ಕೋರ್ಟಿಗೆ."

ಗುರುಬಾಯಿ ಕೂಸನ್ನು ನೋಡಿದಳು. ಶೈಲಾ ಅಡುಗೆಯ ಕಟ್ಟೆಯಿಂದಲೇ "ಕೊಡವ್ವಾ, ಒದ್ದಿ ಮಾಡ್ಯಾಳ, ಮೊದಲ ಒಗದು ಕೊಡು" ಎಂದಳು.

ಬಾಂದ್ರಾದ ಆ ಕೋರ್ಟಿನಲ್ಲಿ ಗುರುಬಾಯಿಯ ಸರದಿ ಬಂದ ದಿನ ಜೋರು ಮಳೆ. ನ್ಯಾಯಾಧೀಶರು ನೆಗಡಿಯಾಗಿದ್ದ ಹಿರಿಯರು, ಫ್ಯಾನು ನಿಲ್ಲಿಸಿ ಕೂತಿದ್ದರು. ಮಾತುಕತೆ ಮರಾಠಿಯಲ್ಲಿ ನಡೆಯಿತು. ಗುರುಬಾಯಿಯದು ಸಿಂದಗಿಯ ಧಾಟಿಯ ಮರಾಠಿ. ಹರಿಣಿ ಕೇಳಿದ್ದಕ್ಕೆಲ್ಲ ಅವಳು ನಿಧಾನವಾಗಿ ಉತ್ತರ ಕೊಟ್ಟಳು. ಕೌದಿಯನ್ನು ಮೇಜಿನ ಮೇಲೆ ಹಾಸಿ, ಯಾವ ಠೇಕೇದಾರನದು ಯಾವ ಬಣ್ಣವೆಂದು ಒಂದೊಂದಾಗಿ ತೋರಿಸಿದಳು. ಕೋರ್ಟಿಗೆ ಬಂದಿದ್ದ ಬೇರೆ ಕೇಸಿನವರೂ ಕತ್ತು ಚಾಚಿ ನೋಡಿದರು. ಶೀಲಾವತಿ ಹಿಂದಿನ ಬೆಂಚಿನಲ್ಲಿ, ಮೇಜಿನ ಮೇಲೆ ಹಾಸಿದ್ದು ತನ್ನದೇ ಮದುವೆಯ ಸೀರೆಯೇನೋ ಎಂಬಂತೆ ಬೀಗಿ ಕೂತಿದ್ದಳು.

ಆಮೇಲೆ ಆಸ್ಪತ್ರೆಯ ವಕೀಲ ಎದ್ದ. ಒರಟನಲ್ಲ. ಸಮಾಧಾನದಿಂದ ಕೌದಿಯ ಸುತ್ತ ತಿರುಗಿ ನೋಡಿ ಕಡುನೀಲಿ ಬಟ್ಟೆಯ ಮೇಲೆ ಬೆರಳಿಟ್ಟ. ಆ ಜೇಬಿನ ಮೇಲೆ ಅರಬ್ಬಿ ಅಕ್ಷರಗಳಿದ್ದವು.

"ಇದು ಯಾವ ಠೇಕೇದಾರನದು ಬಾಯಿ?"

ಗುರುಬಾಯಿ ಬಗ್ಗಿ ಆ ಜೇಬನ್ನು ನೋಡಿದಳು. ಅದರ ನೆನಪೇ ಅವಳಿಗೆ ಇರಲಿಲ್ಲ, ಹರಿಣಿಗೂ ಹೇಳಿರಲಿಲ್ಲ. "ಅದು ನಮ್ಮ ಬಸುಂದ್ರಿ. ನನ್ನ ಅಣ್ಣನ ಮಗಾ. ಕುವೈತಿಂದು."

"ಹಾಗಾದರೆ ನೀನು ಕುವೈತಿನಲ್ಲಿಯೂ ನೆಲ ಒರೆಸಿದ್ದೀಯ?"

ಕೋರ್ಟಿನಲ್ಲಿ ನಗು ಹರಡಿತು. ವಕೀಲ ನ್ಯಾಯಾಧೀಶರ ಕಡೆ ತಿರುಗಿದ. "ಸಾಹೇಬರೇ, ಚೋರ್ ಬಜಾರಿಗೆ ಹೋದರೆ ಇಂಥ ಹಳೆಯ ಕೋಟು ರಾಶಿ ಸಿಗುತ್ತವೆ. ಅಣ್ಣನ ಮಗನ ಅಂಗಿ ಇದರಲ್ಲಿ ಸೇರಬಹುದಾದರೆ ಉಳಿದವು ಯಾರವೋ, ಯಾರಿಗೆ ಗೊತ್ತು? ಬಾಯಿ, ಈ ಕೋಟುಗಳ ಮೇಲೆ ಎಲ್ಲಾದರೂ ನಿನ್ನ ಹೆಸರಿದೆಯೇ?"

ಹರಿಣಿಯ ಮುಖ ಬಾಡಿತು. ನ್ಯಾಯಾಧೀಶರು ಮೂಗು ಒರೆಸಿಕೊಂಡು ಟೈಪಿಸ್ಟನ ಕಡೆ ನೋಡಿದರು. ಬಟ್ಟೆಯನ್ನು ಪಕ್ಕಕ್ಕಿಡಿ ಎನ್ನುವುದೊಂದು ಬಾಕಿ.

ಗುರುಬಾಯಿ ಕೌದಿಯನ್ನೇ ನೋಡುತ್ತಿದ್ದಳು. ಹೆಸರು. ಹೆಸರೆಲ್ಲಿ ಬರಬೇಕು? ಐತ ಹೆಸರು ಬರೆಯುತ್ತಿರಲಿಲ್ಲ. ಐತ ಬರೆಯುತ್ತಿದ್ದುದು...

"ಹೆಸರಿಲ್ರಿ" ಎಂದಳು. "ನಂಬರೈತಿ. ಲಾಂಡ್ರಿ ನಂಬರು. ಮೂವತ್ತೊಂದು. ಕಾಲರಿನಾಗ ಹಾಕ್ತಿದ್ರು, ಎಲ್ಲಾ ಕೋಟಿಗೂ."

"ಎಲ್ಲಿದೆ ಕಾಲರು?" ಎಂದರು ನ್ಯಾಯಾಧೀಶರು.

"ಒಳಗದಾವ್ರಿ. ಕಾಲರು ಗಟ್ಟಿ ಇರ್ತಾವು, ಮ್ಯಾಲ ಹಚ್ಚಿದ್ರ ಕೂಸಿಗಿ ಚುಚ್ಚತಾವು. ಅದಕ್ಕ ಒಳಗ ಹಾಕೀನಿ."

"ಹಾಗಾದರೆ ಬಿಚ್ಚಿ ತೋರಿಸು."

ಅಲ್ಲಿಗೆ ಬಂದು ಅವಳ ಕೈ ನಿಂತಿತು. ಹೊದೆಯುವವಳು ಯಕ್ಷಿತಾ. ಗುರುಬಾಯಿ ಬೆಂಚಿನ ಕಡೆ ತಿರುಗಿ ಕನ್ನಡದಲ್ಲಿ ಕೂಗಿದಳು. "ಶೀಲಕ್ಕ, ನೀ ಬಂದು ಬಿಚ್ಚ ನೋಡೋಣ. ಹೊಲಿದ ಕೈ ಬಿಚ್ಚಬಾರದು."

ಶೀಲಾವತಿ ಎದ್ದೇಬಿಟ್ಟಿದ್ದಳು. ಆಸ್ಪತ್ರೆಯ ವಕೀಲ ಕೈ ಅಡ್ಡ ಹಿಡಿದ. ಬೇರೆಯವರು ಮುಟ್ಟಿದರೆ ಮುಂದೆ ಯಾರು ಏನು ಸೇರಿಸಿದರೆಂಬ ಮಾತು ಬರುತ್ತದೆ, ಸಾಕ್ಷಿ ತಾನೇ ಬಿಚ್ಚಲಿ ಎಂದ. ನ್ಯಾಯಾಧೀಶರು ಅದು ಸರಿ ಎಂದರು.

ಗುರುಬಾಯಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಅವ್ವನ ಮುಖ ಬಂತು, ಕೂಸಿನ ಮುಖ ಬಂತು. ಅವುಗಳ ಹಿಂದೆ ಆ ಅಧಿಕಾರಿಯ ಮುಖವೂ ಬಂತು, ಗುರುತು ಇಟ್ಟುಕೊಳ್ಳುವುದಿಲ್ಲ ಎಂದದ್ದು. ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಕೌದಿಯ ಮೇಲೆ ಬಗ್ಗಿ, ಅದಕ್ಕೆ ಮಾತ್ರ ಕೇಳುವಂತೆ, "ತಡಿ, ಮತ್ತ ಉಣಸ್ತೀನಿ ನಿನಗ" ಎಂದಳು. ಮುಚ್ಚಿದ ಮೂಲೆಯಿಂದ ದಾರ ಎತ್ತತೊಡಗಿದಳು.

ಅವಳ ಹೊಲಿಗೆ ಸುಮ್ಮನೆ ಬಿಡುವಂಥದಲ್ಲ. ಒಂದೊಂದು ಹೊಲಿಗೆಯ ಕೆಳಗೂ ಪಿನ್ನಿನ ಮೊನೆ ತೂರಿಸಿ, ಎತ್ತಿ, ಜಗ್ಗಿ, ಮುಂದಕ್ಕೆ ಹೋಗಬೇಕು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ವಕೀಲರೊಬ್ಬರು ಗಡಿಯಾರ ನೋಡಿದರು. ನ್ಯಾಯಾಧೀಶರು ಮುಂದಿನ ಕೇಸನ್ನು ಕರೆಯಬೇಡಿ ಎಂದು ಕೈಸನ್ನೆ ಮಾಡಿದರು. ಗುರುಬಾಯಿಗೆ ಅವಸರವೇ ಇರಲಿಲ್ಲ. ನೆಲ ಒರೆಸುವಾಗಲೂ ಅವಳು ಹೀಗೆಯೇ, ಮೂಲೆ ಬಿಡುವವಳಲ್ಲ.

ಬಾಯಿ ತೆರೆದುಕೊಂಡಿತು. ಒಳಗಿನಿಂದ ಒಣಗಿ ಕಲ್ಲಾಗಿದ್ದ ಕಂದು ಚೂರೊಂದು ಮೇಜಿನ ಮೇಲೆ ಉರುಳಿ ಆಸ್ಪತ್ರೆಯ ವಕೀಲನ ಮುಂದೆ ಬಿತ್ತು.

"ಇದೇನು?" ಎಂದು ಅವನು ಹಿಂದಕ್ಕೆ ಸರಿದ.

"ಅದರ ಊಟಾರಿ ಸಾಹೇಬ್ರ. ಹೋಳಿಗಿ."

"ಕೌದಿಯ ಊಟ?"

"ಹೂಂರಿ. ಹಸದಿರಬಾರದಲ್ಲ."

ಈ ಸಲದ ನಗು ಬೇರೆ ಥರದ್ದು. ಟೈಪಿಸ್ಟನ ಬೆರಳು ಯಂತ್ರದ ಮೇಲೆ ನಿಂತೇಬಿಟ್ಟಿತ್ತು. ನ್ಯಾಯಾಧೀಶರು ಕರವಸ್ತ್ರದ ಹಿಂದಿನಿಂದ "ಅದನ್ನು ಬರೆದುಕೊಳ್ಳುವುದು ಬೇಡ" ಎಂದರು. ವಕೀಲನೂ ನಕ್ಕ, ಚೂರನ್ನು ಎರಡು ಬೆರಳಿನಲ್ಲಿ ಎತ್ತಿ ಗುರುಬಾಯಿಯ ಮುಂದಿಟ್ಟ.

ಅವಳು ಕೈ ಒಳಗೆ ತೂರಿಸಿ ಮೊದಲನೆಯ ಕಾಲರನ್ನು ಹೊರಗೆಳೆದಳು. ಹಸಿರು. ಒಳಮಗ್ಗುಲು ತಿರುಗಿಸಿದಳು. ಕಪ್ಪು ಮಸಿಯಲ್ಲಿ ದಪ್ಪಗೆ, ಮೂವತ್ತೊಂದು. ಖಾಕಿ ಬಂತು, ಮೂವತ್ತೊಂದು. ನೇರಳೆಯಲ್ಲಿ ಮಸಿ ಸ್ವಲ್ಪ ಹರಡಿತ್ತು, ಆದರೂ ಮೂವತ್ತೊಂದೇ. ಬೂದು ಕಾಲರನ್ನು ನ್ಯಾಯಾಧೀಶರೇ ಕೈಚಾಚಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅದರಲ್ಲಿಯೂ ಅದೇ ನಂಬರು.

"ಆ ನೀಲಿಯದೂ ತೆಗೆಯಿರಿ" ಎಂದಳು ಹರಿಣಿ. ಅವಳ ದನಿ ಮರಳಿ ಬಂದಿತ್ತು.

ಬಸುವಿನ ಅಂಗಿಯ ಕಾಲರು ಹೊರಗೆ ಬಂತು. ವಕೀಲನೇ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಯಾವ ನಂಬರೂ ಇರಲಿಲ್ಲ.

ಹರಿಣಿ ಹೆಚ್ಚು ಮಾತಾಡಲಿಲ್ಲ. ಕುವೈತಿನ ಬಟ್ಟೆ ಆಸ್ಪತ್ರೆಯ ಲಾಂಡ್ರಿ ಕಂಡಿಲ್ಲ, ಅದಕ್ಕೆ ಅದರಲ್ಲಿ ಗುರುತಿಲ್ಲ, ಉಳಿದ ನಾಲ್ಕು ಠೇಕೇದಾರರ ಕೋಟಿಗೂ ಒಂದೇ ನಂಬರು ಹಾಕಿದವರು ಯಾರೆಂದು ಆ ಲಾಂಡ್ರಿಯವನನ್ನೇ ಕೇಳೋಣ ಎಂದಳು. ಐತನಿಗೆ ಸಮನ್ಸು ಹೋಯಿತು.

ಐತ ಹೆದರಿದ. ಶೀಲಾವತಿ ಅವನ ಖೋಲಿಗೆ ಹೋದಾಗ ಅವನು ಕದ ಅರ್ಧ ಮಾತ್ರ ತೆರೆದ.

"ನನ್ನನ್ನು ಇದಕ್ಕೆ ಎಳೀಬೇಡ ಶೀಲಕ್ಕ. ದಣಿಗಳ ವಿರುದ್ಧ ಹೇಗೆ ಹೇಳುವುದು?"

"ವಿರುದ್ಧ ಹೇಳು ಅಂತ ಯಾರು ಹೇಳಿದ್ದು? ನೀನು ಬರೆದದ್ದನ್ನು ನಾನು ಬರೆದದ್ದು ಅಂತ ಹೇಳು, ಸಾಕು. ನಿನ್ನದು ಪರ್ಮನೆಂಟ್ ಕೆಲಸ ಐತಣ್ಣ, ನಿನ್ನನ್ನು ತೆಗೀಬೇಕಾದ್ರೆ ಅವರು ಹತ್ತು ಕಡೆ ಉತ್ತರ ಕೊಡ್ಬೇಕು. ನಿನಗೇ ಇಷ್ಟು ಹೆದರಿಕೆ ಉಂಟಾದ್ರೆ, ಗೇಟಿನ ಹೊರಗೆ ಕೂತ ನಮಗೆ ಎಷ್ಟಿರಬೇಡ?"

ಐತ ಕದ ಮುಚ್ಚಿಕೊಂಡ. ಆದರೆ ತಾರೀಖಿನ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಕಾಲರುಗಳನ್ನು ಒಂದೊಂದಾಗಿ ನೋಡಿ ಹೇಳಿದ. "ಇದು ನನ್ನ ಕೈ. ಮೂರರ ಕೊಕ್ಕೆ ನಾನು ಹೀಗೆಯೇ ಎಳೆಯುವುದು. ನಂಬರು ಕೊಟ್ಟದ್ದು ಮೇಟ್ರನ್ ಅಮ್ಮ. ಠೇಕೇದಾರ ಯಾವನೂ ನನ್ನ ಲಾಂಡ್ರಿಯ ಹೊಸ್ತಿಲು ತುಳಿದವನಲ್ಲ. ಕೋಟಿನ ಬಣ್ಣ ಬದಲಾದರೂ ನಂಬರು ಬದಲು ಮಾಡು ಅಂತ ನನಗೆ ಯಾರೂ ಹೇಳಿಲ್ಲ." ಆಸ್ಪತ್ರೆಯ ವಕೀಲ ಅವನನ್ನು ಸುತ್ತಿ ಸುತ್ತಿ ಕೇಳಿದ. ಐತ ಮತ್ತೆ ಅದನ್ನೇ ಹೇಳಿದ. ಅವನಿಗೆ ಬೇರೆ ಹೇಳಲು ಬರುತ್ತಲೂ ಇರಲಿಲ್ಲ.

ತೀರ್ಪು ಬಂದದ್ದು ದೀಪಾವಳಿ ಕಳೆದ ಮೇಲೆ. ಠೇಕೇದಾರರು ಬದಲಾದರೂ ಕೆಲಸ ಕೊಟ್ಟವರು, ಕೆಲಸ ಹೇಳಿದವರು, ನಂಬರು ಹಾಕಿ ತಮ್ಮದೆಂದು ಗುರುತಿಟ್ಟವರು ಆಸ್ಪತ್ರೆಯವರೇ. ಠೇಕೆ ಬರಿಯ ತೋರಿಕೆ. ಗೇಟಿನ ಹೊರಗೆ ನಿಂತವರೆಲ್ಲ ಮೊದಲ ದಿನದಿಂದಲೂ ಆಸ್ಪತ್ರೆಯ ನೌಕರರೇ. ಹರಿಣಿ ಇದನ್ನು ಮರಾಠಿಯಲ್ಲಿ ಓದಿ, ಹಿಂದಿಯಲ್ಲಿ ಹೇಳಿ, ಕಡೆಗೆ ಕುಂಟು ಕನ್ನಡದಲ್ಲಿಯೂ ಹೇಳಿದಳು. ಮೂರು ಭಾಷೆಯಲ್ಲಿ ಕೇಳಿದರೂ ಶೀಲಾವತಿಗೆ ಸಾಲಲಿಲ್ಲ.

"ಇನ್ನೊಮ್ಮೆ ಹೇಳು ಮಗಾ. ಕಡೆಯದ್ದು ಮಾತ್ರ."

ಆಸ್ಪತ್ರೆಯವರು ಮೇಲಿನ ಕೋರ್ಟಿಗೆ ಹೋದರು. ಅಲ್ಲಿ ತಡೆ ಸಿಗಲಿಲ್ಲ. ಆಮೇಲೆ ಒಂದು ದಿನ ಎಲ್ಲರಿಗೂ ಕೆಲಸಕ್ಕೆ ಬನ್ನಿ ಎಂಬ ಕರೆ ಬಂತು.

ಅದರ ಹಿಂದಿನ ದಿನ ಗುರುಬಾಯಿ ಹೂರಣ ರುಬ್ಬಿದಳು. ಚಾಳಿನ ಬಾಗಿಲು ಬಾಗಿಲಿಗೂ ಹೋಳಿಗೆ ಹೋಯಿತು. ಆಮೇಲೆ ಕೋರ್ಟಿನಿಂದ ಮರಳಿ ಬಂದಿದ್ದ ಕೌದಿ ಹಾಸಿಕೊಂಡು ಕೂತು ಕಾಲರುಗಳನ್ನು ಇದ್ದಲ್ಲೇ ಒಳಗಿಟ್ಟಳು. ಬಸು ತನ್ನ ನೀಲಿ ಅಂಗಿಯ ಕಾಲರನ್ನು ಕೈಯಲ್ಲಿ ಹಿಡಿದಿದ್ದ.

"ಇದನ್ನ ಬಿಡು ಅತ್ತಿ. ಅವತ್ತ ನಿನ್ನ ಮಾನಾ ತಗದಿತ್ತು."

"ಕೊಡ ಇಲ್ಲಿ. ಅದರಾಗ ಏನೂ ಇರಲಿಲ್ಲಂತನ ನಂದು ಖರೆ ಆತು. ನಿನ್ನ ದುಡಿಮಿನೂ ದುಡಿಮೀನ, ಅದಕ್ಕ ಯಾ ಕೋರ್ಟ ಸಿಗಲಿಲ್ಲ ಅಷ್ಟ. ಇಲ್ಲೇ ಬೆಚ್ಚಗ ಇರ್ಲಿ."

ಬಸು ಕಾಲರನ್ನು ಅವಳ ಕೈಗಿಟ್ಟ. ಸೂಜಿಗೆ ದಾರ ಪೋಣಿಸಿ ಕೊಟ್ಟ. ಗುರುಬಾಯಿ ಮೂಲೆಯಲ್ಲಿ ಹೋಳಿಗೆಯ ಚೂರು ಇಟ್ಟಳು. ಈ ಸಲದ್ದು ದೊಡ್ಡ ಚೂರು, ಸಾಲ ತೀರಿಸಿದ ಹಾಗೆ. ಶೈಲಾ ನೋಡಿ, ಇರುವೆ ಬರುತ್ತವೆ ಎಂದು ಗೊಣಗಿದಳು. ಬರಲಿ, ಅವೂ ಉಣ್ಣಲಿ ಎಂದಳು ಗುರುಬಾಯಿ. ಹೊಲಿಗೆ ಮುಗಿಯುವ ಮೊದಲೇ ಯಕ್ಷಿತಾ ಅಂಬೆಗಾಲಿನಲ್ಲಿ ಬಂದು ಕೌದಿಯ ನಡುವೆ ಕೂತುಬಿಟ್ಟಿತು.

ಬೆಳಿಗ್ಗೆ ಕುರ್ಲಾದಲ್ಲಿ ಶೀಲಾವತಿ ಕಾದಿದ್ದಳು, ತಲೆಗೆ ಮಲ್ಲಿಗೆ ಮುಡಿದು. ಅಂದು ತಮ್ಮನ್ನು ಹೊರಗೆ ಕೂರಿಸಿದ್ದ ಅದೇ ಗೇಟಿಗೆ ಇಬ್ಬರೂ ನಡೆದರು. ಗೇಟಿನಲ್ಲಿ ಬಂಡೆಪ್ಪ ಇದ್ದ. ನಡು ನೆಟ್ಟಗೆ ಮಾಡಿ, ದೊಡ್ಡ ಡಾಕ್ಟರಿಗೆ ಹೊಡೆಯುವಂತೆ ಸಲಾಮು ಹೊಡೆದ.

"ಬರ್ರಿ ಯಕ್ಕಾ. ಈಗ ನೀವೇ ಇಲ್ಲಿ ಮಾಲಕರು."

"ಮಾಲಕರೇನ್ ಬ್ಯಾಡಪ್ಪಾ. ಇಲ್ಲಿಯಾಕಿ ಅಂತಂದ್ರ ಸಾಕು."

ಒಳಗೆ ಹೆಜ್ಜೆಯಿಡುವಷ್ಟರಲ್ಲಿ ಅವನು ದನಿ ತಗ್ಗಿಸಿ ಹಿಂದೆಯೇ ಬಂದ. "ಯಕ್ಕಾ, ನಮ್ ಕಂಪನಿನೂ ಬದಲಾಗ್ತದಂತ ಈ ಸಲ. ವರ್ದಿ ಮತ್ತ ಬ್ಯಾರೆ ಬಣ್ಣ. ಆ ವಕೀಲ ಮೇಡಮ್ಮೋರ ಫೋನ್ ನಂಬರ ಕೊಡ್ತೀರೇನು?"

ಗುರುಬಾಯಿ ನಿಂತಳು. ಮೂರನೆಯ ಮಹಡಿ ಕಾಯುತ್ತಿತ್ತು. ಒಳಗೆ ಐತ ಆಸ್ಪತ್ರೆಯ ಹೆಸರಿರುವ ಹೊಸ ಬಿಳಿ ಕೋಟಿನ ಕಾಲರಿನ ಮೇಲೆ ಕುಂಚ ಹಿಡಿದು, ಅದೇ ನಂಬರು ಬರೆಯಲು ಕೂತಿದ್ದ.

"ಕೊಡ್ತೀನಿ. ಹಳೇ ವರ್ದಿ ಏನ್ ಮಾಡೀದಿ?"

"ಹಳೇವು? ಸೈಕಲ್ ಒರಸಾಕ ಹಾಕೀನಿ."

"ಇನ್ನೂ ಏನರ ಉಳದಿದ್ರ ಎತ್ತಿಡು. ರವಿವಾರ ನಿನ್ನ ಹೇಣ್ತಿನ್ನ ಕರಕೊಂಡ ಭಾಂಡುಪಿಗಿ ಬಾ. ಅಕಿಗಿ ಕೌದಿ ಹೊಲಿಯಾಕ ಬರ್ತದೇನು?"

"ಬೀದರ್ದಾಕಿ ಅದಾಳ್ರಿ ಯಕ್ಕಾ. ಬರಲಾರದ ಇರ್ತದೇನು?"

"ಹಂಗಾದ್ರ ಆತು ತಗೋ" ಎಂದು ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶೀಲಾವತಿಯ ಹಿಂದೆ ಮೆಟ್ಟಿಲು ಹತ್ತಿದಳು.